ನಾಡಿ ಇಲ್ಲದ ಹೊತ್ತು

ನಾನು ಸತ್ತಿರಲಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಏಕೆಂದರೆ ಶಿವಮೊಗ್ಗೆಯ ಕೋಟೆಯಲ್ಲಿ ನಾವಿದ್ದ ಬೀದಿಯಲ್ಲಿ ಈ ಮಾತನ್ನು ಯಾರೂ ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಅರವತ್ತರ ದಶಕದ ನಡುವಿನ ಒಂದು ಗುರುವಾರ ಬೆಳಿಗ್ಗೆ, ಮದರಾಸು ಸೀಮೆಯ ಒಂದು ದೊಡ್ಡ ಆಸ್ಪತ್ರೆಯಲ್ಲಿ, ನನ್ನ ಎದೆ ಬಿಚ್ಚಿ, ಹೃದಯವನ್ನು ನಿಲ್ಲಿಸಿ, ಅದರೊಳಗಿದ್ದ ತೂತನ್ನು ಹೊಲಿದರು. ಅಷ್ಟು ಹೊತ್ತು ಒಂದು ಯಂತ್ರ ನನ್ನ ರಕ್ತವನ್ನು ಮೈತುಂಬ ಓಡಿಸಿತು. ಆಮೇಲೆ ಹೃದಯ ತನ್ನ ಕೆಲಸವನ್ನು ತಾನೇ ವಹಿಸಿಕೊಂಡಿತು. ವಿಷಯ ಇಷ್ಟೇ. ಇಷ್ಟನ್ನು ಒಪ್ಪಿಸಲು ನಾನು ಊರಿಗೆ ಬಂದ ಮೇಲೆ ಪಟ್ಟ ಪಾಡಿನ ಮುಂದೆ ಎದೆ ಕೊಯ್ಯಿಸಿಕೊಂಡದ್ದು ಏನೇನೂ ಅಲ್ಲ.

ಆ ಹೊತ್ತಿನ ನೆನಪು ನನ್ನಲ್ಲಿಲ್ಲ. ಇರಲು ಸಾಧ್ಯವೂ ಇಲ್ಲ. ವಿಚಿತ್ರವೆಂದರೆ ಅಲ್ಲಿರದ ಎಲ್ಲರಲ್ಲೂ ಅದು ಇದೆ, ಅದೂ ಬಹಳ ಅಚ್ಚುಕಟ್ಟಾಗಿ, ಆದಿ ಅಂತ್ಯ ಸಮೇತ. ನನ್ನ ಬಳಿ ಉಳಿದಿರುವುದು ಅದರ ಹಿಂದುಮುಂದಿನ ಚೂರುಗಳು. ಕೆಲವು ಕಂಡದ್ದು, ಕೆಲವು ಕೇಳಿದ್ದು. ಯಾವುದು ಯಾವುದೆಂದು ಈಗ ಬೇರ್ಪಡಿಸಲಾರೆ, ಬೇರ್ಪಡಿಸಿದೆನೆಂದು ನಟಿಸುವುದೂ ಇಲ್ಲ. ಸಿಟ್ಟು ಮಾತ್ರ ನನ್ನದೇ. ಅದನ್ನು ನನಗೆ ಯಾರೂ ಹೇಳಿಕೊಡಲಿಲ್ಲ.

ಚಿಕ್ಕಂದಿನಿಂದ ನನಗೆ ಏದುಸಿರು. ಮದುವೆಯಾಗಿ ಕೋಟೆಯ ಮನೆಗೆ ಬಂದ ಮೇಲೆ, ಮಗಳು ಹುಟ್ಟಿದ ಮೇಲೆ, ಅದು ಹೆಚ್ಚಿತು. ತುಂಗೆಯಲ್ಲಿ ಒಗೆದ ಬಟ್ಟೆಯ ಹೊರೆ ಹೊತ್ತು ಮೆಟ್ಟಿಲು ಹತ್ತುವಾಗ ಅರ್ಧದಲ್ಲಿ ಕೂತುಬಿಡುತ್ತಿದ್ದೆ. ಎರಡನೆಯ ಬಸಿರು ನಿಲ್ಲಲಿಲ್ಲ. ಊರಿನ ಡಾಕ್ಟರರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿ, ಒಳಗೆ ಬೇರೆಯೇ ಶಬ್ದವಿದೆ, ದೊಡ್ಡ ಆಸ್ಪತ್ರೆಗೆ ಹೋಗಿ ಎಂದರು. ಅತ್ತೆ ಹೇಳಿದ ಮೊದಲ ಮಾತು: "ತೂತು ಇರೋ ಕೊಡಾನ ಸುಣ್ಣ ಹಚ್ಚಿ ಕೊಟ್ರು ಇವಳ ಅಪ್ಪ."

ತೂತು ಇದ್ದದ್ದು ನಿಜ. ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ, ಹುಟ್ಟಿನಿಂದಲೇ. ಶ್ವಾಸಕೋಶದಿಂದ ಗಾಳಿ ತುಂಬಿಕೊಂಡು ಬಂದ ರಕ್ತದಲ್ಲಿ ಒಂದು ಪಾಲು ಮೈಗೆ ಹೋಗದೆ, ಆ ತೂತಿನಲ್ಲಿ ಪಕ್ಕದ ಕೋಣೆಗೆ ಸೋರಿ, ಮತ್ತೆ ಶ್ವಾಸಕೋಶಕ್ಕೇ ಹೋಗುತ್ತಿತ್ತು. ಹೃದಯ ದುಡಿದದ್ದನ್ನೇ ದುಡಿಯುತ್ತ ದಣಿಯುತ್ತಿತ್ತು. ಹೊಲಿಯದಿದ್ದರೆ ಇನ್ನೊಂದಷ್ಟು ವರ್ಷ, ಅಷ್ಟೇ ಎಂದರು. ಹೊಲಿಯಬೇಕಾದರೆ ಅದು ಬಡಿಯುತ್ತಿರಬಾರದು, ಅದರಲ್ಲಿ ರಕ್ತ ಇರಬಾರದು.

ನನ್ನ ಗಂಡ ಭದ್ರಾವತಿಯ ಕಾರ್ಖಾನೆಯಲ್ಲಿ ನದಿಯ ನೀರನ್ನು ಎತ್ತುವ ಪಂಪ್ ಹೌಸಿನಲ್ಲಿದ್ದರು. ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರುತ್ತಿದ್ದರು. ಅವರಿಗೆ ನನ್ನ ಮೇಲೆ ಪ್ರೀತಿ ಇತ್ತು. ಪಂಪುಗಳ ಮೇಲೆ ಅದಕ್ಕಿಂತ ಹೆಚ್ಚು ಇತ್ತು. ಪರೀಕ್ಷೆಗೆಂದು ಮೊದಲ ಸಲ ಆಸ್ಪತ್ರೆಗೆ ಹೋದಾಗ ಯಾರೋ ಒಬ್ಬ ಡಾಕ್ಟರ್ ಅವರನ್ನು ಒಳಗೆ ಕರೆದು ಆ ಯಂತ್ರವನ್ನು ತೋರಿಸಿದರಂತೆ. ಅದೇ ಕೆಟ್ಟದ್ದಾಯಿತು.

ಊರಿಗೆ ವಾಪಸು ಬಂದ ಮಾರನೆಯ ದಿನ ನಡುಮನೆಯಲ್ಲಿ ಪ್ರದರ್ಶನ. ಅತ್ತೆ, ಭಾವ, ಓರಗಿತ್ತಿ, ಪಕ್ಕದ ಮನೆಯವರು, ಎಲ್ಲರೂ ಕೂತಿದ್ದಾರೆ. ಇವರು ಕಾರ್ಖಾನೆಯಿಂದ ಒಂದು ರಬ್ಬರ್ ಟ್ಯೂಬು ತಂದಿದ್ದರು. ತಂಬಿಗೆಯ ನೀರಿಗೆ ಕುಂಕುಮ ಕದಡಿದರು. ಟ್ಯೂಬಿನ ಒಂದು ತುದಿ ತಂಬಿಗೆಯಲ್ಲಿ, ಇನ್ನೊಂದು ತುದಿ ಬೋಗುಣಿಯಲ್ಲಿ, ನಡುವಿನದನ್ನು ಮಣೆಯ ಮೇಲೆ ಹಾಸಿ ಅಡಿಗೆಮನೆಯ ಲಟ್ಟಣಿಗೆ ತರಿಸಿದರು. ಒತ್ತಿ ಉರುಳಿಸಿದರು. ಕೆಂಪು ನೀರು ಬೋಗುಣಿಗೆ ಬಂತು.

"ನೋಡಿ! ಪಿಸ್ಟನ್ ಇಲ್ಲ, ಕವಾಟ ಇಲ್ಲ. ರೋಲರ್ ಒಂದರ ಹಿಂದೆ ಒಂದು ಟ್ಯೂಬನ್ನ ಒತ್ತಿಕೊಂಡು ತಿರುಗುತ್ತೆ. ರಕ್ತಕ್ಕೆ ಹಿಂದೆ ಬರೋಕೆ ದಾರೀನೇ ಇಲ್ಲ, ಮುಂದೆ ಹೋಗ್ಲೇಬೇಕು. ಎಂಥಾ ತಲೆ ಓಡ್ಸಿದಾರೆ ನೋಡಿ!"

"ಅಷ್ಟು ಹೊತ್ತು ಎದೆ ಏನ್ ಮಾಡುತ್ತೆ?" ಭಾವ ಕೇಳಿದರು.

"ನಿಂತಿರುತ್ತೆ."

"ನಾಡಿ?"

"ನಾಡಿ ಇರಲ್ಲ. ನಾಡಿ ಬಡಿಯೋದು ಎದೆ ತಳ್ಳಿ ತಳ್ಳಿ ಕಳಿಸೋದ್ರಿಂದ. ಇದು ಒಂದೇ ಸಮ ಕಳಿಸುತ್ತೆ, ಕಾಲುವೆ ನೀರಿನ ಹಾಗೆ. ಕೈ ಹಿಡಿದ್ರೆ ಏನೂ ಸಿಗಲ್ಲ."

"ನಾಡಿ ಇಲ್ಲ ಅಂದ್ರೆ ಏನೋ ಅರ್ಥ?" ಎಂದರು ಅತ್ತೆ.

ಇವರು ನಕ್ಕರು. ಆ ನಗುವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. "ಒಂದು ಲೆಕ್ಕದಲ್ಲಿ ಇವಳು ಇಲ್ಲ ಅಂತಲೇ ಅಮ್ಮ. ಆಮೇಲೆ ವಾಪಸ್ ತರ್ತಾರೆ."

ಓರಗಿತ್ತಿ ಬಂದು ಲಟ್ಟಣಿಗೆ ಎತ್ತಿಕೊಂಡು ಹೋದಳು. "ಹೊಸದು ತಂದ್ಕೊಡಿ. ಇದರಲ್ಲಿ ಇನ್ನು ಚಪಾತಿ ಒತ್ತಕ್ಕಾಗಲ್ಲ ನನ್ನ ಕೈಲಿ" ಎಂದಳು. ನಾನು ಗೋಡೆಗೆ ಒರಗಿ ಕೂತಿದ್ದೆ. ಯಾರೂ ನನ್ನತ್ತ ನೋಡಲಿಲ್ಲ. ಆಗಲೇ ನಾನು ಬೋಗುಣಿಯಲ್ಲಿದ್ದೆ.

ಆಸ್ಪತ್ರೆಯವರು ಕೊಟ್ಟ ದಿನವೂ ಭಾವನ ಮಗನ ಉಪನಯನದ ಮುಹೂರ್ತವೂ ಒಂದೇ ದಿನ ಬಿದ್ದವು. ಯಾವುದು ಮುಂದಕ್ಕೆ ಹೋಗಬೇಕು ಎಂಬ ಚರ್ಚೆಯೇ ಆಗಲಿಲ್ಲ. ಮುಹೂರ್ತ ಇಟ್ಟಾಗಿದೆ, ಆಮಂತ್ರಣ ಹೋಗಿದೆ. ರಕ್ತ ಕೊಡಲು ಜನ ಬೇಕೆಂದು ಇವರು ಮನೆಯಲ್ಲಿ ಕೇಳಿದರು. ಆ ಯಂತ್ರವನ್ನು ಖಾಲಿ ಓಡಿಸುವಂತಿಲ್ಲ, ಅದರ ಟ್ಯೂಬುಗಳಲ್ಲಿ ಗಾಳಿಯ ಒಂದು ಗುಳ್ಳೆಯೂ ಇರದಂತೆ ಮೊದಲೇ ಬೇರೆಯವರ ರಕ್ತ ತುಂಬಿರಬೇಕು. ಭಾವನಿಗೆ ಉಪನಯನ. ಉಳಿದವರಿಗೂ ಉಪನಯನ. ನನ್ನ ತವರಿನಿಂದ ತಮ್ಮ ಬಂದ. ಇನ್ನೆಲ್ಲ ಕಾರ್ಖಾನೆಯ ಸ್ನೇಹಿತರು: ಒಬ್ಬ ಕ್ರೇನ್ ಡ್ರೈವರ್ ಸಾಹೇಬರು, ಎರಕದ ಕೆಲಸದ ತಮಿಳರು, ಇನ್ನೂ ಯಾರ್ಯಾರೋ. ಬೀರೂರಿನಲ್ಲಿ ರೈಲು ಬದಲಿಸಿ, ಬೆಂಗಳೂರಿನಲ್ಲಿ ಮತ್ತೆ ಬದಲಿಸಿ, ರಜೆ ಹಾಕಿ ಬಂದರು.

ಆಸ್ಪತ್ರೆಯಲ್ಲಿ ಮಂಗಳೂರಿನ ಕಡೆಯ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಿಗೆ ಕನ್ನಡ ಬರುತ್ತಿತ್ತು. ಹಿಂದಿನ ದಿನ ನಾನು ಅವರನ್ನು ಕೇಳಿದೆ, "ಎದೆ ನಿಂತಾಗ ನಾನು ಎಲ್ಲಿರ್ತೀನಿ?"

"ಎಲ್ಲಿ ಹೋಗ್ತೀರಿ ಅಮ್ಮ? ಮೇಜಿನ ಮೇಲೇ ಇರ್ತೀರಿ."

"ನಮ್ಮನೇಲಿ ಸತ್ತ ಹಾಗೆ ಅಂತಾರೆ."

ಅವರು ಕುರ್ಚಿ ಎಳೆದು ಕೂತರು. ಅವರು ಹೇಳಿದ್ದನ್ನು ನಾನು ನನ್ನ ಮಾತಿನಲ್ಲಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ನನ್ನದು. ಮೈಯಿಂದ ಹೃದಯಕ್ಕೆ ರಕ್ತ ತರುವ ಎರಡು ದೊಡ್ಡ ನಾಳಗಳಿಗೆ ಕೊಳವೆ ಹಾಕಿ ರಕ್ತವನ್ನು ಹೊರಗೆ ಇಳಿಸಿಕೊಳ್ಳುತ್ತಾರೆ. ಯಂತ್ರದಲ್ಲಿ ಅದಕ್ಕೆ ಆಮ್ಲಜನಕ ಸೇರುತ್ತದೆ. ಆಮೇಲೆ ಪಂಪು ಅದನ್ನು ತೊಡೆಯ ಸಂದಿನ ನಾಳದೊಳಕ್ಕೆ ನೂಕುತ್ತದೆ. ಅಂದರೆ ಮೇಲಿನಿಂದ ಕೆಳಕ್ಕೆ ಇಳಿಯಬೇಕಾದ ರಕ್ತ, ಕೆಳಗಿನಿಂದ ಹೊಟ್ಟೆ, ಎದೆ ದಾಟಿ ಮಿದುಳಿಗೆ ಹತ್ತುತ್ತದೆ. ದಾರಿ ತಿರುಗುಮುರುಗು, ಆದರೆ ತಲುಪಬೇಕಾದಲ್ಲಿಗೆ ತಲುಪುತ್ತದೆ. ಹೃದಯವೂ ಶ್ವಾಸಕೋಶವೂ ಸುಮ್ಮನಿರುತ್ತವೆ. ಅಲೆ ಇರುವುದಿಲ್ಲ, ಒತ್ತಡ ಇರುತ್ತದೆ. ಏರಿಳಿತವಿಲ್ಲದ ಈ ಹರಿವು ಮೈಗೆ ಅಷ್ಟೇನೂ ಇಷ್ಟವಿಲ್ಲ, ಮೂತ್ರಪಿಂಡಕ್ಕೆ ಹಿಡಿಸುವುದಿಲ್ಲ, ರೋಲರುಗಳಡಿ ಒಂದಷ್ಟು ರಕ್ತಕಣ ಅರೆದುಹೋಗುತ್ತವೆ, ಆದ್ದರಿಂದ ಬೇಗ ಬೇಗ ಹೊಲಿದು ಮುಗಿಸಬೇಕು.

"ಸತ್ತವರ ಮೇಲೆ ನಾವು ಹೀಗೆ ಅವಸರ ಮಾಡ್ತೇವಾ?" ಎಂದರು. ನನಗೆ ನಗು ಬಂತು. ಆ ವಾರ ನಕ್ಕದ್ದು ಅದೊಂದೇ ಸಲ ಇರಬೇಕು.

ಬೆಳಿಗ್ಗೆ ನರ್ಸಮ್ಮ ತಾಳಿ, ಬಳೆ, ಮೂಗುಬೊಟ್ಟು ಬಿಚ್ಚಿಸಿ ಇವರ ಕೈಗೆ ಕೊಟ್ಟಳು. ಆಮೇಲಿನದು ನನ್ನ ಬಳಿ ಇಲ್ಲ.

ಎಚ್ಚರವಾದದ್ದನ್ನು ಒಂದು ಕ್ಷಣವೆಂದು ಬರೆಯಲಾರೆ. ಬಾಯಾರಿಕೆ ಇತ್ತು. ಚಳಿ ಇತ್ತು. ಯಾರೋ ಒದ್ದೆ ಹತ್ತಿಯಿಂದ ತುಟಿ ಒರೆಸಿದರು. ನನ್ನ ಬಲಗೈ ಎಡ ಮಣಿಕಟ್ಟನ್ನು ಹುಡುಕುತ್ತಿತ್ತಂತೆ, ನಾಡಿ ಹಿಡಿಯಲು. ಇದು ಇವರು ಹೇಳಿದ್ದು. ಇವರು ಹೇಳಿದ್ದೆಲ್ಲವನ್ನೂ ನಾನು ನಂಬುವುದಿಲ್ಲ. ಮೊದಲ ದಿನ ಮೂತ್ರ ಕೆಂಪಗೆ ಹೋಯಿತು. ಕೆಲವು ವಾರ ಸಣ್ಣಪುಟ್ಟ ಪದಗಳು ತಡವಾಗಿ ಬರುತ್ತಿದ್ದವು: ಸೌಟು, ದಿಂಬು, ಬುಧವಾರ. ಮಗಳ ಹೆಸರು ಮಾತ್ರ ಒಮ್ಮೆಯೂ ತಪ್ಪಲಿಲ್ಲ.

ಊರಿಗೆ ಬಂದಾಗ ಬಾಗಿಲಲ್ಲಿ ಅತ್ತೆ ಆರತಿ ಹಿಡಿದು ನಿಂತಿರಲಿಲ್ಲ. "ಅಲ್ಲೇ ಜಗಲಿ ಕೋಣೇಲಿ ಮಲಗ್ಲಿ. ಗಾಯ ಹಸಿ ಇದೆ" ಎಂದರು. ಗಾಯ ಒಣಗಿತ್ತು. ಜಗಲಿಯ ಪಕ್ಕದ ಆ ಕೋಣೆ ಮುಟ್ಟಾದವರು ಕೂರುವುದು. ಮಗಳು ಬಂದು ತಬ್ಬಿಕೊಂಡಳು. ಅವಳನ್ನು ಕೂಡಲೇ ಬಚ್ಚಲಿಗೆ ಕರೆದೊಯ್ದು ನೀರು ಹಾಕಿದರು. ಆ ನೀರಿನ ಸದ್ದು ನನಗೆ ಕೇಳಿಸುತ್ತಿತ್ತು. ಮೊದಲ ದಿನ ನಾನು ಇದನ್ನು ಮಡಿ ಎಂದುಕೊಂಡೆ. ಮಾರನೆಯ ದಿನವೂ ಅವಳಿಗೆ ನೀರು ಬಿತ್ತು. ಅದರ ಮಾರನೆಯ ದಿನವೂ.

ಈ ನಡುವೆ ಜಗಲಿಯಲ್ಲಿ ಇವರ ಕಥೆ ನಡೆದಿತ್ತು. ನೋಡಲು ಬಂದವರಿಗೆಲ್ಲ ಕಾಫಿಯ ಜೊತೆ ಅದೇ. "ಅಷ್ಟು ಹೊತ್ತು ಇವಳು ಸತ್ತಿದ್ದಳು ಕಣ್ರೀ! ನಾಡಿ ಇಲ್ಲ, ಬಡಿತ ಇಲ್ಲ, ಉಸಿರಿಲ್ಲ. ಎದೆಬಡಿತ ತೋರಿಸೋ ಮಿಷಿನ್ ಮೇಲೆ ಬರೀ ಒಂದು ನೆಟ್ಟಗಿನ ಗೆರೆ! ಆಮೇಲೆ ವಾಪಸ್!" ಒಬ್ಬೊಬ್ಬರಿಗೆ ಹೇಳಿದಾಗಲೂ ನಾನು ಸತ್ತಿದ್ದ ಹೊತ್ತು ಸ್ವಲ್ಪ ಸ್ವಲ್ಪ ಬೆಳೆಯುತ್ತಿತ್ತು. ಕೋಣೆಯೊಳಗಿಂದ ನಾನು ಕೂಗಿದೆ, "ರಕ್ತ ನಿಂತಿರಲಿಲ್ಲ!" "ಅವಳಿಗೆ ಇನ್ನೂ ಆಯಾಸ" ಎಂದು ಬಂದವರಿಗೆ ಸಮಾಧಾನ ಹೇಳಿದರು.

ಪಕ್ಕದ ಮನೆಯಾಕೆ ಕಿಟಕಿಗೆ ಬಂದಳು. ದನಿ ತಗ್ಗಿಸಿ, "ಏನ್ ಕಂಡ್ತು ಮಾರಾಯ್ತಿ? ಬೆಳಕು ಕಂಡ್ತಾ? ನಮ್ಮತ್ತೆ ಏನಾದ್ರೂ ಸಿಕ್ಕಿದ್ರಾ?"

"ಸಿಕ್ಕಿದ್ರು" ಎಂದೆ. "ಸೊಸೇನ ಬೇಗ ಕಳಿಸು ಅಂದ್ರು."

ಸಂಜೆಯ ಹೊತ್ತಿಗೆ ನಾನು ಪಿತೃಗಳನ್ನು ಕಂಡು ಮಾತಾಡಿ ಬಂದಿದ್ದೇನೆ ಎಂದು ಕೋಟೆಯೆಲ್ಲ ಸುದ್ದಿ. ಸಿಟ್ಟಿನಲ್ಲಿ ಆಡಿದ ಮಾತು ಅದು, ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಅತ್ತೆಗೆ ಅಷ್ಟು ಸಾಕಾಯಿತು. ಮನೆಯ ಪುರೋಹಿತರಾದ ಭಟ್ಟರಿಗೆ ಹೇಳಿ ಕಳಿಸಿದರು.

ಭಟ್ಟರು ಬರುವ ಹಿಂದಿನ ದಿನ ಮಧ್ಯಾಹ್ನ ಆ ಕ್ರೇನ್ ಡ್ರೈವರ್ ಸಾಹೇಬರು ಭದ್ರಾವತಿಯಿಂದ ಕಿತ್ತಳೆಹಣ್ಣು ತಂದಿದ್ದರು. ಅವರಿಗೆ ನಮ್ಮ ಮನೆಯಲ್ಲಿ ಯಾವಾಗಲೂ ಜಗಲಿ. ಕೋಣೆಯ ಬಾಗಿಲಲ್ಲಿ ನನ್ನನ್ನು ಕಂಡು, "ಅರೆ ಭಾಬಿ, ನೀವೂ ಇಲ್ಲೇನಾ? ಇದು ನಮ್ಮ ಸೀಟು ಅಲ್ವಾ!" ಎಂದರು.

"ಒಳಗೆ ಬಿಡಲ್ಲ. ನಾನು ಸತ್ತಿದ್ದೆ ಅಂತೆ."

"ತೋಬಾ ತೋಬಾ. ಒಂದು ಬಾಟ್ಲಿ ನಂದು ಕೊಟ್ಟಿದೀನಿ. ಆ ಲೆಕ್ಕಕ್ಕೆ ನಂಗೂ ಸ್ವಲ್ಪ ತಿಥಿ ಮಾಡ್ಬೇಕಲ್ಲ? ವಡೆ ಆದ್ರೂ ಸಿಗುತ್ತೆ."

ನಾನು ನಗಲು ಹೋದೆ, ಎದೆಯ ಮೂಳೆ ನೋಯಿತು. ಅವರ ಮುಖ ಸಪ್ಪಗಾಯಿತು. ಹಣ್ಣಿನ ಚೀಲವನ್ನು ನನ್ನ ಕೈಗೇ ಕೊಟ್ಟು ಹೊರಟರು.

ಭಟ್ಟರು ಕೆಟ್ಟವರಲ್ಲ. ಹಾಗೆ ಬರೆದರೆ ನನಗೆ ಅನುಕೂಲ, ಆದರೆ ಸುಳ್ಳಾಗುತ್ತದೆ. ನಡುಮನೆಯಲ್ಲಿ ಕೂತು, ಮುಜುಗರದಿಂದಲೇ ಹೇಳಿದರು. ಸತ್ತನೆಂದು ಮನೆಯವರು ಯಾರಿಗೆ ಸಂಸ್ಕಾರ ಮಾಡಿಬಿಟ್ಟಿದ್ದಾರೋ ಅವನು ಆಮೇಲೆ ತಿರುಗಿ ಬಂದರೆ ಅವನನ್ನು ಹಾಗೇ ಒಳಗೆ ಕರೆದುಕೊಳ್ಳುವಂತಿಲ್ಲ, ಅವನು ಮತ್ತೆ ಹುಟ್ಟಿದಂತೆ ಜಾತಕರ್ಮ, ನಾಮಕರಣ ಎಲ್ಲ ಆಗಬೇಕು, ಹೆಂಡತಿಯನ್ನು ಮತ್ತೆ ಮದುವೆಯಾಗಬೇಕು ಎಂದು ಶಾಸ್ತ್ರದಲ್ಲಿದೆ. ಇದು ಸರಿಯಾಗಿ ಅದೇ ಅಲ್ಲ, ಆದರೂ ನಾಡಿ ನಿಂತದ್ದನ್ನು ಗಂಡನೇ ಹೇಳುತ್ತಿದ್ದಾನೆ. ಆದ್ದರಿಂದ ಚಿಕ್ಕದಾಗಿ ಮಾಡಿಬಿಡೋಣ. ಅವಳಿಗೆ ಒಂದು ಹೊಸ ಹೆಸರು, ಒಂದು ಹೊಸ ತಾಳಿ. ಶುಕ್ರವಾರ ಒಳ್ಳೆಯದಿದೆ.

"ಮಗು?" ಅತ್ತೆ ಕೇಳಿದರು.

"ಮಗು ಆ ಹೊತ್ತಿನಲ್ಲಿ ಎದುರಿಗೆ ಇರಬಾರದು. ಅದು ಹಿಂದಿನ ಜನ್ಮದ್ದಾಗುತ್ತೆ ನೋಡಿ. ಮುಗಿದ ಮೇಲೆ ತಂದು ಮಡಿಲಿಗೆ ಹಾಕಿದರಾಯ್ತು, ದತ್ತು ಇದ್ದ ಹಾಗೆ."

ನಾನು ಜಗಲಿಯ ಕೋಣೆಯಲ್ಲಿದ್ದು ಇದನ್ನೆಲ್ಲ ಕೇಳಿದೆ. ನನ್ನ ಮಗಳನ್ನು ನನಗೇ ದತ್ತು ಕೊಡುತ್ತಾರಂತೆ. ಅಲ್ಲಿಯವರೆಗೆ ನನ್ನಲ್ಲಿದ್ದದ್ದು ಬೇಸರ, ನೋವು, ಅವಮಾನ, ಇಂಥವು. ಆಮೇಲೆ ಇದ್ದದ್ದು ಸಿಟ್ಟೊಂದೇ. ಹೊಲಿಗೆ ಹಾಕಿದ ಹೃದಯ ಎಷ್ಟು ಜೋರಾಗಿ ಬಡಿಯಬಲ್ಲದು ಎಂಬುದು ಆವತ್ತು ತಿಳಿಯಿತು.

ಅಂದು ಸಂಜೆ ಇವರು ಕೋಣೆಗೆ ಬಂದರು. "ಒಂದು ಬೆಳಿಗ್ಗೆ ಕೂತು ಎದ್ದುಬಿಡೋದು. ಅಮ್ಮನಿಗೂ ಸಮಾಧಾನ. ನಿಂಗೇನು ಹೋಗುತ್ತೆ?"

"ಹೆಸರು ಹೋಗುತ್ತೆ."

"ಮನೇಲಿ ಹಳೇ ಹೆಸರೇ ಕರೆದ್ರಾಯ್ತು ಬಿಡು. ತಾಳಿ ಇನ್ನೊಂದ್ಸಲ ಕಟ್ತೀನಿ, ಒಳ್ಳೇದೇ ಅಲ್ವಾ?"

"ಯಾರಿಗೆ ಕಟ್ತೀರಿ? ಮೊದಲನೆಯವಳು ಸತ್ತಳು ಅಂತ ಒಪ್ಪಿ ಎರಡನೆಯವಳಿಗೆ ಕಟ್ತೀರಿ. ನಿಮ್ಮ ಮಗಳು ತಾಯಿ ಇಲ್ಲದವಳು ಅಂತ ಆಗುತ್ತೆ. ಬೇಕಾ?"

"ಬರೀ ಶಾಸ್ತ್ರ ಕಣೇ ಅದು."

"ಹಾಗಾದ್ರೆ ಈಗ ಹೋಗಿ ಅಮ್ಮನ ಹತ್ರ ಹೇಳಿ. ಅವಳು ಸತ್ತಿರಲಿಲ್ಲ, ರಕ್ತ ಒಂದು ಕ್ಷಣವೂ ನಿಂತಿರಲಿಲ್ಲ, ನಾನು ಹೇಳಿದ್ದು ಬಾಯಿಚಪಲ ಅಂತ."

ಅವರು ಎದ್ದು ಕಿಟಕಿಯ ಬಳಿ ನಿಂತು, "ಗೆರೆ ನೆಟ್ಟಗೆ ಇತ್ತಂತೆ ಮಾತ್ರ. ಅದು ನಿಜ" ಎಂದರು. ನದಿಯನ್ನೇ ಎತ್ತುವ ಪಂಪಿನ ಬಳಿ ದಿನವೆಲ್ಲ ನಿಲ್ಲುವ ಮನುಷ್ಯ ಇವರು. ಕೊಳವೆಯೊಳಗೆ ನೀರು ಸದ್ದಿಲ್ಲದೆ ಹರಿಯುತ್ತದೆ ಎಂದು ಇವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗೊತ್ತಿತ್ತು. ಗೊತ್ತಿದ್ದೂ ಆ ಒಂದು ಮಾತನ್ನು ಬಿಡಲು ಮನಸ್ಸಿರಲಿಲ್ಲ, ಏಕೆಂದರೆ ಆ ಮಾತು ಹೋದರೆ ಜಗಲಿಯ ಕಥೆ ಹೋಗುತ್ತದೆ. ಹೆಂಡತಿ ಆಪರೇಷನ್ ಮಾಡಿಸಿಕೊಂಡು ಬಂದಳು ಎಂಬುದನ್ನು ಕೇಳಲು ಯಾರು ಬರುತ್ತಾರೆ?

ಶುಕ್ರವಾರ ಬೆಳಿಗ್ಗೆ ನನ್ನನ್ನು ಸ್ನಾನ ಮಾಡಿಸಿ ನಡುಮನೆಗೆ ಕರೆದರು. ರಂಗೋಲಿ ಹಾಕಿ ಮಣೆ ಇಟ್ಟಿತ್ತು. ಭಟ್ಟರು ದರ್ಭೆ ಕತ್ತರಿಸುತ್ತಿದ್ದರು. ತಟ್ಟೆಯಲ್ಲಿ ಅರಿಸಿನದ ದಾರಕ್ಕೆ ಕಟ್ಟಿದ ಹೊಸ ತಾಳಿ. ಮಗಳನ್ನು ಪಕ್ಕದ ಮನೆಗೆ ಕಳಿಸಿಯಾಗಿತ್ತು. ನಾನು ಮಣೆಯ ಮೇಲೆ ಕೂರಲಿಲ್ಲ. ಅದರ ಹಿಂದೆ ನಿಂತೆ.

"ಕೂತ್ಕೋ" ಎಂದರು ಅತ್ತೆ.

"ಒಂದು ವಿಷಯ ಕೇಳಿ ಕೂರ್ತೀನಿ. ಭಟ್ಟರೇ, ನಾನು ಸತ್ತದ್ದು ಯಾವತ್ತು?"

ಭಟ್ಟರು ದರ್ಭೆ ಕೆಳಗಿಟ್ಟರು. "ಅದೇ, ಆ ಗುರುವಾರ ಅಲ್ವೇನಮ್ಮ."

"ಈ ಮನೆ ಸೊಸೆ ಸತ್ತರೆ ಮನೆಯವರಿಗೆ ಎಷ್ಟು ದಿನ ಸೂತಕ?"

"ಹತ್ತು ದಿನ."

"ಆ ಗುರುವಾರ ಇದೇ ನಡುಮನೇಲಿ ಭಾವನ ಮಗನಿಗೆ ಉಪನಯನ ಆಯ್ತು. ನೀವೇ ಮಾಡಿಸಿದ್ರಿ. ಸೂತಕದಲ್ಲಿ ಕಟ್ಟಿದ ಜನಿವಾರ ನಿಲ್ಲುತ್ತಾ?"

ನಾನು ಇದನ್ನು ಮೊದಲೇ ಯೋಚಿಸಿ ಇಟ್ಟಿದ್ದೆನೋ, ಅಲ್ಲಿ ನಿಂತಾಗ ಹೊಳೆಯಿತೋ, ಈಗ ಹೇಳಲಾರೆ. ಎರಡೂ ರೀತಿ ನೆನಪಿದೆ.

ಭಟ್ಟರು ದರ್ಭೆಯನ್ನು ಮತ್ತೆ ಕೈಗೆತ್ತಿಕೊಂಡರು. "ಹಾಗಲ್ಲಮ್ಮ. ತಿಳಿಯದೆ ಆದದ್ದಕ್ಕೆ ದೋಷ ಇಲ್ಲ. ಸಾವು ಕಿವಿಗೆ ಬಿದ್ದ ಮೇಲೆ ಸೂತಕ."

"ಮುಂಚೆಯೇ ಬಿದ್ದಿತ್ತಲ್ಲ! ಆ ದಿನ ಎದೆ ನಿಲ್ಲಿಸ್ತಾರೆ, ನಾಡಿ ಇರಲ್ಲ, ಇವಳು ಇಲ್ಲ ಅಂತಲೇ ಲೆಕ್ಕ ಅಂತ ಇವರು ಇಲ್ಲೇ ಕೂತು ಹೇಳಿದ್ರು. ಕೇಳಿ ಬೇಕಾದ್ರೆ."

ಎಲ್ಲರೂ ಇವರತ್ತ ತಿರುಗಿದರು. ಇವರು ಪಂಚೆಯ ಅಂಚು ಸರಿಮಾಡಿಕೊಳ್ಳುತ್ತ, "ಹೌದು, ಹೇಳಿದ್ದೆ. ಲಟ್ಟಣಿಗೆ ಇಟ್ಟು ತೋರಿಸಿದ್ದೆ" ಎಂದರು.

"ತಿಳಿದೂ ತಿಳಿದೂ ಹೋಳಿಗೆ ಊಟ ಹಾಕಿದೀರಿ ಊರಿಗೆಲ್ಲ. ಸರಿ, ನಾನು ಕೂರ್ತೀನಿ. ನಾಮಕರಣ ಮಾಡಿ, ತಾಳಿ ಕಟ್ಟಿ. ಆಮೇಲೆ ಆ ಜನಿವಾರ ತೆಗೆಸಿ, ಮತ್ತೆ ಮುಹೂರ್ತ ಇಡಿ, ಮತ್ತೆ ಊರು ಕರೀರಿ. ಯಾಕೆ ಅಂತ ಕೇಳಿದವರಿಗೆ ನಾನೇ ಹೇಳ್ತೀನಿ, ನನ್ನ ಹೆಣ ಮೇಜಿನ ಮೇಲಿದ್ದಾಗ ಇವರು ಪಾಯಸ ಬಡಿಸ್ತಿದ್ರು ಅಂತ."

"ಬಾಯಿ ಮುಚ್ಚೇ!" ಅತ್ತೆ ಕೂಗಿದರು. ಆದರೆ ಅಷ್ಟರಲ್ಲಿ ಓರಗಿತ್ತಿ ಎದ್ದು ನಿಂತಿದ್ದಳು. ನನ್ನ ಪರವಾಗಿ ಅವಳು ಆ ಮನೆಯಲ್ಲಿ ಒಂದು ಮಾತೂ ಆಡಿದವಳಲ್ಲ, ಆಗಲೂ ಆಡಲಿಲ್ಲ. "ಬೇಡ ಅತ್ತೆ. ಇದೆಲ್ಲ ಬೇಡವೇ ಬೇಡ. ನನ್ನ ಮಗನ ಮುಂಜಿ ಸರಿಯಾಗೇ ಆಗಿದೆ. ಇವಳಿಗೆ ಏನೂ ಆಗಿರಲಿಲ್ಲ. ಬರೀ ಆಪರೇಷನ್ ಆಯ್ತು, ಎಲ್ಲರಿಗೂ ಆಗೋ ಹಾಗೆ. ಅಲ್ವಾ ಭಟ್ಟರೇ?"

ಭಟ್ಟರು ಅವಳನ್ನು ನೋಡಿದರು, ನನ್ನನ್ನು ನೋಡಿದರು, ದರ್ಭೆಯನ್ನು ಕಟ್ಟು ಕಟ್ಟಿದರು. "ರಕ್ತ ಓಡ್ತಾ ಇತ್ತು ಅಂದ್ಮೇಲೆ... ಪ್ರಾಣ ರಕ್ತದಲ್ಲೂ ಇರುತ್ತೆ ಅಂತ ಒಂದು ಪಕ್ಷ ಇದೆ. ಸ್ವಲ್ಪ ಪುಣ್ಯಾಹದ ನೀರು ಚಿಮುಕಿಸಿದರೆ ಸಾಕು" ಎಂದರು. ಆ ಪಕ್ಷ ಹಿಂದಿನ ವಾರ ಎಲ್ಲಿ ಹೋಗಿತ್ತು ಎಂದು ನಾನು ಕೇಳಲಿಲ್ಲ. ಅತ್ತೆ ದೇವರ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು.

ನಾನು ಒಳಗೆ ಹೋದೆ. ಅಡಿಗೆಮನೆಯಲ್ಲಿ ಓರಗಿತ್ತಿ, "ಬೇಳೆ ಇಟ್ಟಿದೀನಿ, ಉಕ್ಕೀತು, ನೋಡ್ಕೋ" ಎಂದಳು, ಪೇಟೆಗೆ ಹೋಗಿ ಬಂದವಳಿಗೆ ಹೇಳುವ ಹಾಗೆ. ಮಗಳನ್ನು ನಾನೇ ಹೋಗಿ ಕರೆತಂದೆ. ಯಾರೂ ಅವಳಿಗೆ ನೀರು ಹಾಕಲಿಲ್ಲ.

ಇದನ್ನು ಗೆಲುವು ಎಂದು ಕರೆದವರಿದ್ದಾರೆ. ನನಗೆ ಹಾಗೆ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ನಾನು ಬದುಕಿದ್ದೆನೆಂದು ಆ ಮನೆ ಒಪ್ಪಿದ್ದು ನನ್ನ ಮೈ ಬಿಸಿ ನೋಡಿ ಅಲ್ಲ, ನನ್ನ ಮಾತು ಕೇಳಿ ಅಲ್ಲ. ಒಬ್ಬನ ಜನಿವಾರ ಉಳಿಯಬೇಕಾದ್ದರಿಂದ ನಾನು ಬದುಕಿದ್ದೆ. ಆ ಉಪನಯನ ಬೇರೆ ದಿನ ಬಿದ್ದಿದ್ದರೆ ನಾನು ಆ ಶುಕ್ರವಾರ ಸತ್ತವಳಾಗುತ್ತಿದ್ದೆ.

ಇವರಿಗೆ ಮಾತ್ರ ಬಹಳ ಖುಷಿ. "ನೀನು ವಕೀಲಿ ಮಾಡ್ಬೇಕಿತ್ತು ಕಣೇ!"

"ನಾನು ಸತ್ತಿರಲಿಲ್ಲ ಅಂತ ನಿಮ್ಮ ಬಾಯಿಂದ ಇನ್ನೂ ಬಂದಿಲ್ಲ" ಎಂದೆ.

"ಮುಗೀತಲ್ಲ, ಇನ್ಯಾಕೆ ಅದು?"

"ಮುಗಿದಿಲ್ಲ. ಭದ್ರಾವತಿ ನ್ಯೂ ಟೌನಿನಲ್ಲಿ ಕಾರ್ಖಾನೆ ಕ್ವಾರ್ಟರ್ಸಿಗೆ ಅರ್ಜಿ ಹಾಕಿ. ನೀವು ಬಂದ್ರೂ ಸರಿ, ಬರದಿದ್ರೂ ಸರಿ, ನಾನು ಮಗಳನ್ನ ಕರ್ಕೊಂಡು ಅಲ್ಲಿರ್ತೀನಿ."

ಅವರೂ ಬಂದರು. ಅತ್ತೆ ಮನೆ ಒಡೆದವಳೆಂದು ನನ್ನನ್ನು ಶಪಿಸಿದರು. ಸತ್ತವಳೆಂಬುದಕ್ಕಿಂತ ಅದು ವಾಸಿ. ನ್ಯೂ ಟೌನಿನಲ್ಲಿ ಎರಡು ಕೋಣೆ, ಒಂದು ಅಡಿಗೆಮನೆ. ಜಗಲಿ ಇರಲಿಲ್ಲ, ಬಂದವರೆಲ್ಲ ನೇರ ಒಳಗೇ ಬರಬೇಕು. ಕ್ರೇನ್ ಡ್ರೈವರ್ ಸಾಹೇಬರು ಮೊದಲ ಸಲ ಕುರ್ಚಿಯಲ್ಲಿ ಕೂತು ಕಾಫಿ ಕುಡಿದು, ಸಕ್ಕರೆ ಕಮ್ಮಿ ಎಂದರು.

ಇವರ ಕಥೆ ಅಲ್ಲಿಗೂ ಬಂತು. ಎರಕದ ವಿಭಾಗದವರು, ರೋಲಿಂಗ್ ಮಿಲ್ಲಿನವರು, ಹೊಸ ಕೇಳುಗರು ಬೇಕಾದಷ್ಟು. ಪ್ರತಿ ಸಲವೂ ನಾನು ಒಳಗಿನಿಂದ ಅಡ್ಡ ಬರುತ್ತಿದ್ದೆ. ಬಂದವರ ಎದುರಿಗೇ ಜಗಳವಾಡಿದ್ದೇವೆ. ಒಮ್ಮೆ ಕೈಲಿದ್ದ ಸೌಟು ಎಸೆದಿದ್ದೇನೆ, ಅದು ಗೋಡೆಗೆ ತಗುಲಿ ಸುಣ್ಣ ಉದುರಿತು. ಇಷ್ಟು ಸಣ್ಣ ಮಾತಿಗೆ ಇಷ್ಟು ರಂಪವೇ ಎಂದು ಪಕ್ಕದ ಕ್ವಾರ್ಟರ್ಸಿನವರು ಕೇಳಿದರು. ಅದು ಸಣ್ಣದೆಂದು ತಿಳಿದವರು ಒಂದು ಸಲ ನನ್ನ ಕೋಣೆಯಲ್ಲಿ ಕೂತು, ಮಗಳ ಮೈಮೇಲೆ ನೀರು ಬೀಳುವುದನ್ನು ಕೇಳಬೇಕಿತ್ತು.

ಆಮೇಲೆ ಒಂದು ಭಾನುವಾರ ಇವರ ಹೊಸ ಮೇಲ್ವಿಚಾರಕರು ಹೆಂಡತಿಯ ಜೊತೆ ಬಂದರು. ಯಾರೋ ಅವರಿಗೆ ಹೇಳಿದ್ದರು, ಕೇಳಲೆಂದೇ ಬಂದಿದ್ದರು. ಇವರು ಶುರು ಮಾಡಿದರು. ಕೊಳವೆ, ರೋಲರು, ತೊಡೆಯಿಂದ ಮೇಲಕ್ಕೆ ಹತ್ತುವ ರಕ್ತ, ನೆಟ್ಟಗಿನ ಗೆರೆ. ನಾನು ಕಾಫಿ ತಂದು ಅಲ್ಲೇ ನಿಂತೆ.

"ಎದೆ ನಿಂತೇಬಿಟ್ಟಿತ್ತು ಸಾರ್. ನಾಡಿ ಇಲ್ಲ. ಉಸಿರಿಲ್ಲ. ಅಷ್ಟು ಹೊತ್ತು ಇವಳು..."

ಇವರು ನನ್ನತ್ತ ನೋಡಿದರು. ಮೇಲ್ವಿಚಾರಕರ ಹೆಂಡತಿ ಮುಂದಕ್ಕೆ ಬಾಗಿದ್ದರು.

"ಹೇಳಿ" ಎಂದೆ.

"ಇವಳು ಬದುಕಿದ್ದಳು" ಎಂದರು ಇವರು, ಅಂಗಡಿಯಲ್ಲಿ ಸಾಮಾನು ಮುಗಿದಿದೆ ಎನ್ನುವವರ ಹಾಗೆ.

ಮೇಲ್ವಿಚಾರಕರು ಸ್ವಲ್ಪ ಕಾದರು. ಇನ್ನೇನೂ ಬರಲಿಲ್ಲ. "ಅಷ್ಟೇನಾ?" ಎಂದರು.

"ಅಷ್ಟೇ" ಎಂದೆ ನಾನು. ಮಗಳು ಹೊರಗೆ ಯಾರ ಜೊತೆಗೋ ಜಗಳವಾಡುತ್ತಿದ್ದಳು. ಊಟಕ್ಕೆ ಕರೆಯಲು ಹೋದೆ.